ಸ್ಫೋಟದ ನಂತರ ಕೂಗುವ ಸೈರನ್ ಮತ್ತು ನಮ್ಮ ಬಿಸಿಪಿ

2024ರ ಮಾರ್ಚ್ 22ರ ಬೆಳಿಗ್ಗೆ ನಾವು ಬೆಂಗಳೂರಿನಲ್ಲಿ ಬ್ರಿಡ್ಜ್ ಕಾಲ್‌ನಲ್ಲಿ (ಎಲ್ಲರೂ ಒಟ್ಟಿಗೆ ಸೇರುವ ಕರೆಯಲ್ಲಿ) ಇದ್ದಾಗ, ಉಕ್ರೇನಿನ ಖಾರ್ಕಿವ್‌ನಲ್ಲಿ ನೈಟ್ ಶಿಫ್ಟ್ ಮುಗಿಸುವುದರಲ್ಲಿದ್ದ ಸಹೋದ್ಯೋಗಿ ಆನ್‌ಲೈನ್ ಇದ್ದಾಳೆಂದು ತೋರಿಸುವ ಹಸಿರು ಚುಕ್ಕೆ, ಡೇಟಾ ಸ್ಥಳಾಂತರಿಸುವ ಮೈಗ್ರೇಷನ್ ಸ್ಕ್ರಿಪ್ಟ್ ಓಡುತ್ತಿರುವಾಗಲೇ ಆರಿಹೋಯಿತು. ರೋಲ್‌ಬ್ಯಾಕ್ ಮಾಡಿ ಹಿಂದಿನ ಸ್ಥಿತಿಗೆ ಮರಳೋಣವೆಂದರೆ ಯಾವ ಹಂತ ಮುಗಿದಿದೆ ಎಂಬುದು ಆಕೆಗೊಬ್ಬಳಿಗೇ ಗೊತ್ತಿತ್ತು, ಆಕೆಯ ಫೋನಿಗೆ ಕರೆ ಹೋಗುತ್ತಿರಲಿಲ್ಲ. ಎಲ್ಲರ ಮನಸ್ಸಿನಲ್ಲಿದ್ದ ಇನ್ನೊಂದು ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಡೆಲಿವರಿ ಮ್ಯಾನೇಜರ್ ಮತ್ತೆ ಮತ್ತೆ ಕೇಳಿದ್ದು ಇಟಿಎ, ಅಂದರೆ ಕೆಲಸ ಮುಗಿಯುವ ಅಂದಾಜು ಸಮಯ.

ಸೈರನ್ ಕೂಗಿದೊಡನೆ ಹ್ಯಾಂಡೋವರ್ (ಕೆಲಸ ವಹಿಸಿಕೊಡುವ ಟಿಪ್ಪಣಿ) ಬರೆದು ಆಶ್ರಯತಾಣಕ್ಕೆ ಇಳಿಯಬೇಕು ಎಂದು ಬಿಸಿಪಿಯಲ್ಲಿ, ಅಂದರೆ ಆಪತ್ತಿನಲ್ಲೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಯೋಜನೆಯಲ್ಲಿ, ನಾವೇ ಬರೆದಿದ್ದೆವು. ಕೀವ್‌ನವರಿಗೆ ಅದು ಒಂದು ಮಟ್ಟಿಗೆ ಹೊಂದುತ್ತಿತ್ತು. ಖಾರ್ಕಿವ್ ಇರುವುದು ರಷ್ಯಾದ ಗಡಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಗಡಿಯಾಚೆಯ ಬೆಲ್ಗೊರೊದ್ ಕಡೆಯಿಂದ ಹಾರಿಸಿದ ಎಸ್-300 ಕ್ಷಿಪಣಿ ಒಂದು ನಿಮಿಷದೊಳಗೆ ಬಂದು ಬೀಳುವುದರಿಂದ, ಸ್ಫೋಟ ಮೊದಲು ಕೇಳಿಸಿ ಸೈರನ್ ಆಮೇಲೆ ಕೂಗುವುದು ಅಲ್ಲಿ ಮಾಮೂಲು. ಜಾರಿಯಾದ ಎಚ್ಚರಿಕೆ ಗಂಟೆಗಟ್ಟಲೆ ತೆರವಾಗದಿರುವುದೂ ಉಂಟು. ಪ್ರತಿ ಸಲ ಮೆಟ್ರೋ ನಿಲ್ದಾಣಕ್ಕೆ ಇಳಿಯುತ್ತಿದ್ದರೆ ಅಡುಗೆ, ನಿದ್ದೆ, ದಿನದ ಸ್ಟ್ಯಾಂಡ್‌ಅಪ್ ಮೀಟಿಂಗ್ ಯಾವುದೂ ನಡೆಯದು. ಹೀಗಾಗಿ ಬಹಳಷ್ಟು ಜನ ಟೆಲಿಗ್ರಾಂ ಚಾನೆಲ್ ನೋಡಿಕೊಂಡು, ಹೊರಗೋಡೆಗೂ ತಮಗೂ ನಡುವೆ ಇನ್ನೊಂದು ಗೋಡೆ ಇರುವಂತೆ, ಕಿಟಕಿಯಿಲ್ಲದ ಪಡಸಾಲೆಯಲ್ಲಿ ಕೂರುತ್ತಾರೆ. ಅಂದು ಆಕೆ ಲ್ಯಾಪ್‌ಟಾಪ್ ಸಮೇತ ಕುಳಿತಿದ್ದುದೂ ಅಲ್ಲೇ.

ಆ ಮುಂಜಾನೆಯ ದಾಳಿ ಟೆಟ್ಸ್-5 ವಿದ್ಯುತ್ ಸ್ಥಾವರವನ್ನೂ ಸಬ್‌ಸ್ಟೇಷನ್‌ಗಳನ್ನೂ ಹಾಳುಗೆಡವಿ ಇಡೀ ನಗರವನ್ನು ಕತ್ತಲಿಗೆ ತಳ್ಳಿತ್ತು. ಮೆಟ್ರೋ, ಟ್ರಾಲಿಬಸ್ ನಿಂತಿದ್ದವು. ನಾವು ಲಾಗ್‌ಗಳನ್ನು ಸಾಲುಸಾಲಾಗಿ ಓದಿ, ಸ್ಕ್ರಿಪ್ಟ್ ಎಲ್ಲಿ ನಿಂತಿದೆಯೆಂದು ಊಹಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಗೆ ಎಲ್ಲೋ ಸಿಗ್ನಲ್ ಸಿಕ್ಕಿ ಬಂದ ಆಕೆಯ ಸಂದೇಶದ ಮೊದಲ ಸಾಲಿನಲ್ಲಿದ್ದುದು ಹಂತದ ಸಂಖ್ಯೆ, ತಾನು ಕ್ಷೇಮವೆಂಬುದು ಎರಡನೆಯದರಲ್ಲಿ. ನಾವು ಯಾವ ಕ್ರಮದಲ್ಲಿ ಕೇಳುತ್ತೇವೆಂದು ಆಕೆ ಅಂದಾಜಿಸಿದ್ದಳೋ ಅದೇ ಕ್ರಮವಿರಬೇಕು.

ಈಗ ಹ್ಯಾಂಡೋವರ್ ಟಿಪ್ಪಣಿಯನ್ನು ಶಿಫ್ಟ್ ಆರಂಭದಲ್ಲೇ ತೆರೆದು, ಹಂತ ಹಂತಕ್ಕೂ ಒಂದು ಸಾಲು ಸೇರಿಸುತ್ತೇವೆ; ಎಲ್ಲಿ ನಿಂತರೂ ಮತ್ತೆ ಓಡಿಸಬಹುದಾದ ಸ್ಕ್ರಿಪ್ಟ್ ಅಲ್ಲದಿದ್ದರೆ ರಿವ್ಯೂನಲ್ಲೇ ವಾಪಸ್ ಕಳಿಸುತ್ತೇವೆ. ಟಿಕೆಟ್ ಟೂಲ್ ಮಾತ್ರ ಹಾಗೆಯೇ ಇದೆ. ವಿದ್ಯುತ್ ಮರಳುವ ಅಂದಾಜು ಸಮಯವನ್ನು ತುಂಬದಿದ್ದರೆ ಅದು ಇಂದಿಗೂ ಟಿಕೆಟ್ಟನ್ನು ಸೇವ್ ಮಾಡುವುದಿಲ್ಲ. ಖಾರ್ಕಿವ್‌ನವರೆಲ್ಲ ಅಲ್ಲಿ ಸೊನ್ನೆಗಳನ್ನು ಒತ್ತಿ ಮುಂದಕ್ಕೆ ಹೋಗುತ್ತಾರೆ.