ಆರ್ಲಾಂಡೋದಲ್ಲಿ ಕಾರಿಲ್ಲದೆ ಓಡಾಡಬಹುದೇ?

ಬೇಸಿಗೆ ರಜೆ ಹತ್ತಿರವಾಗಿ, ಊರಿನಿಂದ ಅಪ್ಪ ಅಮ್ಮ ಬರುವ ದಿನ ಗೊತ್ತಾಗುತ್ತಿದ್ದಂತೆಯೇ, ಅಮೆರಿಕದಲ್ಲಿರುವ ಕನ್ನಡಿಗ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: "ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಫ್ಲಾರಿಡಾದ ಆರ್ಲಾಂಡೋಗೆ ಹೋಗಬೇಕೆಂದಿದ್ದೇವೆ, ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳಲೇಬೇಕೇ?" ರಸ್ತೆಯ ಬಲಬದಿಯಲ್ಲಿ ಗಾಡಿ ಓಡಿಸಿ ಅಭ್ಯಾಸವಿಲ್ಲದ, ಬೆಂಗಳೂರಿನಿಂದ ನೇರವಾಗಿ ಪ್ರವಾಸಕ್ಕೆ ಬರುವವರೂ ಇದನ್ನೇ ಕೇಳುತ್ತಾರೆ. ತೆಗೆದುಕೊಳ್ಳಲೇಬೇಕೆಂದಿಲ್ಲ ಎಂಬುದು ನನ್ನ ಉತ್ತರ. ಆದರೆ ಆ ತೀರ್ಮಾನ ಹೋಟೆಲು ಕಾದಿರಿಸುವುದಕ್ಕೆ ಮೊದಲೇ ಆಗಿರಬೇಕು. ಅಗ್ಗದ ಕೋಣೆ ಎಲ್ಲಿ ಸಿಕ್ಕಿತೋ ಅಲ್ಲಿ ದುಡ್ಡು ಕಟ್ಟಿ, ಆಮೇಲೆ ಬಸ್ಸು ಹುಡುಕುತ್ತ ಕೂರುವವರಿಗೆ ಆ ಊರು ಸ್ವಲ್ಪವೂ ದಾಕ್ಷಿಣ್ಯ ತೋರುವುದಿಲ್ಲ.

ಇದಕ್ಕೆ ಕಾರಣ ಆ ಊರು ಬೆಳೆದ ರೀತಿಯಲ್ಲಿದೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಎಂಬ ಮನರಂಜನಾ ಪಾರ್ಕು ತೆರೆದಾಗ ವಾಲ್ಟ್ ಡಿಸ್ನಿಯ ಬಳಿ ಇದ್ದ ಜಾಗ ಚಿಕ್ಕದು. ಸ್ವಲ್ಪ ಕಾಲದಲ್ಲೇ ಬೇರೆಯವರ ಮೋಟೆಲುಗಳೂ ಅಂಗಡಿಗಳೂ ಅದರ ಸುತ್ತ ಎದ್ದುನಿಂತವು. ಆನಹೈಮ್‌ನಲ್ಲಿ ಇಂದಿಗೂ ಹೊರಗಿನ ಹೋಟೆಲಿನಿಂದ ಪಾರ್ಕಿನ ಬಾಗಿಲಿಗೆ ನಡೆದೇ ಹೋಗಬಹುದು, ಅಂದರೆ ಡಿಸ್ನಿಗೆ ಬೇಸರ ತಂದ ಸಂಗತಿಯೇ ಕಾರಿಲ್ಲದವರಿಗೆ ಅನುಕೂಲವಾಗಿದೆ. ಫ್ಲಾರಿಡಾದಲ್ಲಿ ಹಾಗಾಗಬಾರದೆಂದು ಡಿಸ್ನಿ ಕಂಪನಿ 1960ರ ದಶಕದಲ್ಲಿ ತನ್ನ ಹೆಸರು ಹೊರಬೀಳದಂತೆ ಸುಮಾರು 27,000 ಎಕರೆ ಕೊಂಡಿತು. 1971ರಲ್ಲಿ ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಇಂದು ಹರಡಿಕೊಂಡಿರುವುದು ಸುಮಾರು 100 ಚದರ ಕಿಲೋಮೀಟರಿನಲ್ಲಿ. ಅದರ ನಾಲ್ಕು ಪಾರ್ಕುಗಳ ನಡುವೆಯೇ ಹಲವು ಕಿಲೋಮೀಟರುಗಳ ಅಂತರವಿದೆ; ಹೊರಗಿನ ಹೋಟೆಲುಗಳ ಅತಿಥಿಗಳು ನಡೆದು ಬರುವ ಮಾತೇ ಇಲ್ಲ. ಯೂನಿವರ್ಸಲ್ ಕಂಪನಿಯ ಪಾರ್ಕುಗಳಿರುವುದು ಇನ್ನೂ ಈಶಾನ್ಯಕ್ಕೆ, ಐ-4 ಹೆದ್ದಾರಿಯ ಪಕ್ಕದಲ್ಲಿ. ಎರಡೂ ಕಂಪನಿಗಳು ತಮ್ಮ ಬೇಲಿಯೊಳಗೆ ನಿಮ್ಮನ್ನು ಬಿಟ್ಟಿಯಾಗಿ, ಚೆನ್ನಾಗಿಯೇ ಓಡಾಡಿಸುತ್ತವೆ. ಆದರೆ ಎದುರಾಳಿಯ ಬಾಗಿಲಿಗೆ ತನ್ನ ಗಿರಾಕಿಯನ್ನು ಕೊಂಡೊಯ್ದು ಬಿಡುವ ವ್ಯಾಪಾರಿ ಯಾರಿದ್ದಾನೆ?

ಆದ್ದರಿಂದ ಮೊದಲು ನಿರ್ಧರಿಸಬೇಕಾದದ್ದು ನಿಮ್ಮ ದಿನಗಳಲ್ಲಿ ಹೆಚ್ಚಿನವು ಯಾರ ಬೇಲಿಯೊಳಗೆ ಕಳೆಯುತ್ತವೆ ಎಂಬುದನ್ನು. ಡಿಸ್ನಿಯೇ ಮುಖ್ಯವಾದರೆ ಡಿಸ್ನಿಯದೇ ಹೋಟೆಲಿನಲ್ಲಿ ಉಳಿಯಿರಿ. ಕೋಣೆಯ ಬಾಡಿಗೆ ಹೆಚ್ಚಾದರೂ ಕಾರಿನ ಬಾಡಿಗೆ, ಪೆಟ್ರೋಲು, ಹೆದ್ದಾರಿಯ ಟೋಲು ಉಳಿಯುತ್ತವೆ. ಹೊರಗಿನ ಹೋಟೆಲಿನಲ್ಲಿದ್ದು ಕಾರು ತರುವವರು ಇವೆಲ್ಲವುಗಳ ಜೊತೆಗೆ ಪಾರ್ಕುಗಳಲ್ಲಿ ಗಾಡಿ ನಿಲ್ಲಿಸುವುದಕ್ಕೂ ದಿನದಿನವೂ ಶುಲ್ಕ ಕೊಡಬೇಕು. ಡಿಸ್ನಿ ಹೋಟೆಲುಗಳೆಲ್ಲವೂ ಒಂದೇ ಎಂದು ಮಾತ್ರ ತಿಳಿಯಬೇಡಿ. ಮಾನೊರೈಲು ಹಾದುಹೋಗುವ ಕಂಟೆಂಪರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲುಗಳು ಮ್ಯಾಜಿಕ್ ಕಿಂಗ್‌ಡಮ್ ಎಂಬ ಪಾರ್ಕಿಗೆ ಅತಿ ಸಮೀಪದವು, ಅದಕ್ಕೆ ತಕ್ಕಂತೆ ದುಬಾರಿಯೂ ಹೌದು. ಸಾಮಾನ್ಯ ಕುಟುಂಬಕ್ಕೆ ನಾನು ಹೇಳುವುದು ಪಾಪ್ ಸೆಂಚುರಿ ಅಥವಾ ಆರ್ಟ್ ಆಫ್ ಆನಿಮೇಷನ್. ಈ ಎರಡೂ ಹೋಟೆಲುಗಳ ನಡುವಿನ ಕೆರೆಯ ಬಳಿ, 2019ರಲ್ಲಿ ಆರಂಭವಾದ ಸ್ಕೈಲೈನರ್ ಎಂಬ ರೋಪ್‌ವೇಯ ನಿಲ್ದಾಣವಿದೆ. ಅಲ್ಲಿ ತೊಟ್ಟಿಲು ಹತ್ತಿ, ಕೆರಿಬಿಯನ್ ಬೀಚ್ ಎಂಬಲ್ಲಿ ಬದಲಿಸಿದರೆ ಹಾಲಿವುಡ್ ಸ್ಟುಡಿಯೋಸ್, ಎಪ್ಕಾಟ್ ಎಂಬ ಎರಡು ಪಾರ್ಕುಗಳಿಗೂ ತಲುಪಬಹುದು. ಬಸ್ಸಿನಲ್ಲಿ ಮಗುವಿನ ಸ್ಟ್ರೋಲರನ್ನು ಮಡಚಲೇಬೇಕು, ಇಲ್ಲಿ ಸಾಮಾನ್ಯ ಅಳತೆಯದನ್ನು ಬಿಚ್ಚಿದಂತೆಯೇ ತಳ್ಳಿಕೊಂಡು ಒಳಗೆ ಹೋಗಬಹುದು. ನಿದ್ದೆಹೋದ ಮಗುವನ್ನು ಎತ್ತಿಕೊಂಡವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು. ಆದರೆ ಸಿಡಿಲು ಮಿಂಚು ಹತ್ತಿರ ಬಂದರೆ ರೋಪ್‌ವೇ ನಿಲ್ಲಿಸುತ್ತಾರೆ, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಧ್ಯಾಹ್ನದ ಗುಡುಗುಮಳೆ ದಿನಚರಿಯಂತೆ ಬರುತ್ತದೆ.

ಡಿಸ್ನಿಯ ಬಸ್ಸುಗಳ ವಿಷಯದಲ್ಲಿ ಒಂದು ಮಾತು ತಿಳಿದಿದ್ದರೆ ಸಾಕು. ಅವು ಹೋಟೆಲಿನಿಂದ ಪಾರ್ಕಿಗೆ ಹೋಗುತ್ತವೆ. ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ಸಾಮಾನ್ಯವಾಗಿ ನೇರ ಬಸ್ಸಿರುವುದಿಲ್ಲ. ಬೇರೊಂದು ಹೋಟೆಲಿನಲ್ಲಿ ಊಟಕ್ಕೆ ಮೇಜು ಕಾದಿರಿಸಿದ್ದರೆ ಯಾವುದಾದರೊಂದು ಪಾರ್ಕಿಗೋ ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿ ಬೀದಿಗೋ ಹೋಗಿ ಬಸ್ಸು ಬದಲಿಸಬೇಕಾಗುತ್ತದೆ, ಅದಕ್ಕೆ ಒಂದು ಗಂಟೆಯನ್ನಾದರೂ ಎತ್ತಿಡಿ.

ಮ್ಯಾಜಿಕ್ ಕಿಂಗ್‌ಡಮ್‌ನ ಬಾಗಿಲಿನದು ಬೇರೆಯೇ ಕಥೆ. ಉಬರ್ ಅಥವಾ ಲಿಫ್ಟ್ ಕಂಪನಿಯ ಟ್ಯಾಕ್ಸಿಯಲ್ಲಿ ಬಂದವರನ್ನು ಬಾಗಿಲಿನ ಬಳಿ ಇಳಿಸುವುದಿಲ್ಲ. ಪಾರ್ಕಿನ ಮುಂದಿರುವ ಸರೋವರದ ಈಚೆ ದಡದ ಟ್ರಾನ್ಸ್‌ಪೋರ್ಟೇಷನ್ ಅಂಡ್ ಟಿಕೆಟ್ ಸೆಂಟರ್‌ನಲ್ಲಿ ಇಳಿದು, ಅಲ್ಲಿಂದ ದೋಣಿಯಲ್ಲೋ ಮಾನೊರೈಲಿನಲ್ಲೋ ದಾಟಬೇಕು. ಸ್ವಂತ ಕಾರಿನವರಿಗೂ ಇದೇ ಗತಿ. ಡಿಸ್ನಿ ಹೋಟೆಲಿನ ಬಸ್ಸು ಮಾತ್ರ ಬಾಗಿಲಿನ ಹತ್ತಿರಕ್ಕೇ ಹೋಗುತ್ತದೆ. ಇಲ್ಲಿ ಕಾರಿಲ್ಲದವರೇ ಕಾರಿನವರಿಗಿಂತ ಮುಂದೆ.

ಯೂನಿವರ್ಸಲ್‌ನಲ್ಲಿ ಎಲ್ಲವೂ ಅಡಕವಾಗಿದ್ದುದರಿಂದ ಉತ್ತರ ಹಿಂದೆ ಇನ್ನೂ ಸುಲಭವಿತ್ತು. 1990ರಲ್ಲಿ ತೆರೆದ ಯೂನಿವರ್ಸಲ್ ಸ್ಟುಡಿಯೋಸ್, 1999ರ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಎರಡೂ ಅಕ್ಕಪಕ್ಕದಲ್ಲಿವೆ. ಅಲ್ಲಿನ ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಮುಂತಾದ ಹೋಟೆಲುಗಳಿಂದ ನೆರಳಿನ ದಾರಿಯಲ್ಲಿ ನಡೆದೋ ಕಾಲುವೆಯ ದೋಣಿಯಲ್ಲೋ ಪಾರ್ಕು ಸೇರಬಹುದು. 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್ ಮಾತ್ರ ಕೆಲವು ಕಿಲೋಮೀಟರು ದೂರದಲ್ಲಿ, ಕನ್ವೆನ್ಷನ್ ಸೆಂಟರಿನ ಕಡೆ ಇದೆ. ಎರಡು ಜಾಗಗಳ ನಡುವೆ ಕಂಪನಿಯೇ ಬಸ್ಸು ಓಡಿಸುವುದರಿಂದ ಚಿಂತೆಯಿಲ್ಲ, ಆದರೂ ಹೋಟೆಲು ಆರಿಸುವಾಗ ಅದು ಹಳೆಯ ಪಾರ್ಕುಗಳ ಬಳಿಯದೋ ಹೊಸದರ ಬಳಿಯದೋ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ.

ಇನ್ನು ವಿಮಾನ ನಿಲ್ದಾಣ. ಡಿಸ್ನಿ ತನ್ನ ಹೋಟೆಲು ಅತಿಥಿಗಳನ್ನು ಅಲ್ಲಿಂದ ಉಚಿತವಾಗಿ ಕರೆತರುತ್ತಿದ್ದ ಬಸ್ಸು 2022ರ ಆರಂಭದಲ್ಲಿ ನಿಂತುಹೋಯಿತು. ಹಿಂದೊಮ್ಮೆ ಹೋಗಿಬಂದ ನೆಂಟರು "ಬಸ್ಸು ಬಿಟ್ಟಿ, ಯೋಚನೆ ಬೇಡ" ಎಂದು ಈಗಲೂ ಹೇಳುತ್ತಾರೆ, ಅದನ್ನು ನಂಬಬೇಡಿ. ಈಗ ಹಣ ಕೊಟ್ಟು ಖಾಸಗಿ ಬಸ್ಸು ಕಾದಿರಿಸಬಹುದು. ನಾಲ್ಕೈದು ಜನರಿದ್ದರೆ ತಲೆಗಿಷ್ಟೆಂದು ಕೊಡುವುದಕ್ಕಿಂತ ದೊಡ್ಡ ಟ್ಯಾಕ್ಸಿಯೇ ವಾಸಿ. ಮಯಾಮಿಯಿಂದ ಬರುವವರಿಗೆ 2023ರ ಸೆಪ್ಟೆಂಬರ್‌ನಿಂದ ಬ್ರೈಟ್‌ಲೈನ್ ರೈಲಿದೆ, ಆದರೆ ಅದೂ ವಿಮಾನ ನಿಲ್ದಾಣದಲ್ಲೇ ಕೊನೆಯಾಗುತ್ತದೆ. ಸನ್‌ರೈಲ್ ಎಂಬ ನಗರದ ಲೋಕಲ್ ರೈಲು ಪಾರ್ಕುಗಳ ಹತ್ತಿರಕ್ಕೇ ಸುಳಿಯುವುದಿಲ್ಲ.

ಸರ್ಕಾರಿ ಬಸ್ಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಲಿಂಕ್ಸ್ ಎಂಬ ಹೆಸರಿನ ಈ ಬಸ್ಸುಗಳು ವಿಮಾನ ನಿಲ್ದಾಣಕ್ಕೂ ಇಂಟರ್‌ನ್ಯಾಷನಲ್ ಡ್ರೈವ್ ಎಂಬ ಪ್ರವಾಸಿ ಬೀದಿಗೂ ಡಿಸ್ನಿಗೂ ಹೋಗುತ್ತವೆ, ಟಿಕೆಟ್ಟೂ ಅಗ್ಗ. ಒಂಟಿಯಾಗಿ ತಿರುಗುವ ಯುವಕರಿಗೆ ಅಡ್ಡಿಯಿಲ್ಲ. ಆದರೆ ಅವು ಆ ಊರಿನಲ್ಲಿ ದುಡಿಯುವವರಿಗಾಗಿ ಇರುವ ಬಸ್ಸುಗಳು. ಎಷ್ಟೋ ಮಾರ್ಗಗಳಲ್ಲಿ ಅರ್ಧ ಗಂಟೆಗೋ ಗಂಟೆಗೋ ಒಂದು ಬರುತ್ತದೆ, ನಿಲ್ದಾಣವೆಂದರೆ ಅನೇಕ ಕಡೆ ಬಿಸಿಲಲ್ಲಿ ನೆಟ್ಟ ಒಂದು ಕಂಬ. ಎಪ್ಪತ್ತು ದಾಟಿದ ತಾಯಿಯನ್ನು ಆರು ಪಥದ ರಸ್ತೆಯ ಪಕ್ಕದಲ್ಲಿ ಕಾಯಿಸಿ ಉಳಿಸುವ ಡಾಲರುಗಳಿಗೆ ಅರ್ಥವಿಲ್ಲ. ಇಂಟರ್‌ನ್ಯಾಷನಲ್ ಡ್ರೈವ್‌ನ ಉದ್ದಕ್ಕೂ ಓಡುವ ಐ-ರೈಡ್ ಟ್ರಾಲಿ ಮಾತ್ರ ಪ್ರವಾಸಿಗಳಿಗಾಗಿಯೇ ಇರುವುದು. ಸೀವರ್ಲ್ಡ್ ಎಂಬ ಪಾರ್ಕಿಗೆ ಹೋಗಲು, ಸಂಜೆ ಆ ಬೀದಿಯ ಭಾರತೀಯ ಹೋಟೆಲುಗಳಲ್ಲಿ ಅನ್ನ ಸಾರು ಹುಡುಕಿಕೊಂಡು ಹೊರಡಲು ಅದು ಸಾಕು. ಡಿಸ್ನಿಗೆ ಅದು ಹೋಗುವುದಿಲ್ಲ. ಇಂಟರ್‌ನ್ಯಾಷನಲ್ ಡ್ರೈವ್‌ನ ಹೋಟೆಲುಗಳು "ಉಚಿತ ಶಟಲ್" ಎಂದು ಹಾಕಿಕೊಳ್ಳುವುದನ್ನು ನೋಡಿ ಮರುಳಾಗದೆ, ಅದು ದಿನಕ್ಕೆ ಎಷ್ಟು ಸಲ ಹೊರಡುತ್ತದೆ, ರಾತ್ರಿ ಕೊನೆಯದು ಪಾರ್ಕಿನ ಬಾಣಬಿರುಸು ಮುಗಿದ ಮೇಲೆ ಹೊರಡುತ್ತದೆಯೇ ಎಂದು ಫೋನು ಮಾಡಿ ಕೇಳಿ.

ಡಿಸ್ನಿಯಿಂದ ಯೂನಿವರ್ಸಲ್‌ಗೆ ದಾಟುವ ದಿನಕ್ಕೆ ಟ್ಯಾಕ್ಸಿಯೇ ಸರಿ. ರಜೆಯನ್ನು ಎರಡು ಭಾಗ ಮಾಡಿ, ಮೊದಲರ್ಧ ಒಂದು ಕಡೆ, ಉಳಿದರ್ಧ ಇನ್ನೊಂದು ಕಡೆ ಉಳಿದರೆ, ಪೆಟ್ಟಿಗೆಗಳ ಸಮೇತ ಆ ದಾರಿಯನ್ನು ಒಮ್ಮೆ ಮಾತ್ರ ಸವೆಸಿದರಾಯಿತು. ಚಿಕ್ಕ ಮಕ್ಕಳಿದ್ದರೆ ಕಾರಿನಲ್ಲಿ ಅವರನ್ನು ಕೂರಿಸುವ ಸೀಟು ನೀವೇ ಒಯ್ಯಬೇಕು, ಹೆಚ್ಚಿನ ಟ್ಯಾಕ್ಸಿಗಳಲ್ಲಿ ಅದು ಇರುವುದಿಲ್ಲ. ಮಡಚಿ ಚೀಲಕ್ಕೆ ಹಾಕಬಹುದಾದ ಹಗುರ ಸೀಟುಗಳು ಈಗ ಸಿಗುತ್ತವೆ. ಹಾಲು, ಮೊಸರು, ಹಣ್ಣುಗಳನ್ನು ಹೋಟೆಲಿಗೇ ತರಿಸಿಕೊಳ್ಳಬಹುದು.

ಕಾರು ಬೇಕೇ ಬೇಕು ಎಂದು ನಾನೇ ಹೇಳುವ ಸಂದರ್ಭವೊಂದಿದೆ: ಕೆನಡಿ ಬಾಹ್ಯಾಕಾಶ ಕೇಂದ್ರ. ಪೂರ್ವದ ಕರಾವಳಿಯಲ್ಲಿರುವ ಅದಕ್ಕೆ ಆರ್ಲಾಂಡೋದಿಂದ ಒಂದು ಗಂಟೆಯ ದಾರಿ, ಸರ್ಕಾರಿ ಬಸ್ಸಿನ ಆಸರೆಯಿಲ್ಲ. ಪ್ರವಾಸಿ ಬಸ್ಸುಗಳಿದ್ದರೂ ಅವರ ಗಡಿಯಾರಕ್ಕೆ ನೀವು ಕಟ್ಟುಬೀಳಬೇಕಾಗುತ್ತದೆ. ಕುಟುಂಬದಲ್ಲಿ ಒಬ್ಬರಿಗಾದರೂ ಅಲ್ಲಿ ಓಡಿಸುವ ಧೈರ್ಯವಿದ್ದರೆ ಆ ಒಂದು ದಿನಕ್ಕೆ ಮಾತ್ರ, ವಿಮಾನ ನಿಲ್ದಾಣದವರೆಗೆ ಹೋಗದೆ ಹೋಟೆಲಿನ ಹತ್ತಿರದ ಕೌಂಟರಿನಲ್ಲೇ ಕಾರು ಪಡೆದು, ಸಂಜೆ ಅಲ್ಲಿಯೇ ಹಿಂತಿರುಗಿಸಿ. ಟೋಲುಗಳ ಲೆಕ್ಕ ಹೇಗೆ ಎಂದು ಕೀಲಿ ಕೈಗೆ ಬರುವ ಮೊದಲೇ ಕೇಳಿಕೊಳ್ಳಿ.