ಶ್ರೀರಂಗಪಟ್ಟಣದ ಮಾದರಿ: ಯಾವ ತಿಂಗಳ ಕಾವೇರಿ?

ಮೊದಲ ವಾರ

ಬಹಳ ದಿನದಿಂದ ಮನಸ್ಸಲ್ಲಿದ್ದ ಕೆಲಸಕ್ಕೆ ಕೊನೆಗೂ ಕೈ ಹಾಕಿದ್ದೇನೆ. ಶ್ರೀರಂಗಪಟ್ಟಣದ ಇಡೀ ದ್ವೀಪವನ್ನು ಒಂದು ಹಲಗೆಯ ಮೇಲೆ ಮಾಡಬೇಕು. ಬರೀ ದೇವಸ್ಥಾನವಲ್ಲ, ಬರೀ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಅಲ್ಲ. ಪಶ್ಚಿಮದ ಕೋಟೆ ಮೂಲೆಯಿಂದ ಪೂರ್ವದ ಸಂಗಮದವರೆಗೆ, ಎರಡೂ ಕಡೆಯ ಹೊಳೆ ಸಮೇತ.

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಚಿಕ್ಕಂದಿನಿಂದ ಓಡಾಡಿದವನು ನಾನು. ಮೊದಲು ಹೊಳೆ, ಆಮೇಲೆ ಕೋಟೆ, ಸ್ಟೇಷನ್, ಆಮೇಲೆ ಮತ್ತೆ ಹೊಳೆ. ಹೊಳೆ ಯಾಕೆ ಎರಡು ಸಲ ಬರುತ್ತೆ ಅಂತ ಅಪ್ಪನನ್ನು ಕೇಳಿದ್ದೆ. 'ಒಂದೇ ಕಾವೇರಿ ಕಣೋ, ಊರನ್ನ ಮಧ್ಯೆ ಇಟ್ಕೊಂಡವಳೆ' ಅಂದಿದ್ದರು. ಆ ಮಾತು ತಲೆಯಲ್ಲೇ ಉಳಿದುಬಿಟ್ಟಿದೆ.

ಅಳತೆಯ ಲೆಕ್ಕ ಹೀಗೆ. ದ್ವೀಪದ ಉದ್ದ ಸುಮಾರು 3 ಮೈಲಿ, ಅಗಲ ಹೆಚ್ಚೆಂದರೆ 1 ಮೈಲಿ. ನೆಲದ ಮೇಲಿನ 40 ಮೀಟರಿಗೆ ಹಲಗೆಯ ಮೇಲೆ 1 ಸೆಂಟಿಮೀಟರ್ ಇಟ್ಟುಕೊಂಡರೆ ಉದ್ದ 120 ಸೆಂಟಿಮೀಟರ್, ಅಗಲ 40. ಊಟದ ಮೇಜಿನಷ್ಟು ಪ್ಲೈವುಡ್ ಸಾಕು. ಆದರೆ ಇದೇ ಲೆಕ್ಕದಲ್ಲಿ ಗೋಡೆ 10 ಮೀಟರ್ ಎತ್ತರ ಅಂದರೂ ಎರಡೂವರೆ ಮಿಲಿಮೀಟರ್ ಆಗುತ್ತದೆ! ಅಷ್ಟು ಗಿಡ್ಡ ಗೋಡೆ ಕೋಟೆ ಅಂತ ಕಾಣುವುದೇ ಇಲ್ಲ. ಹಾಗಾಗಿ ಎತ್ತರಕ್ಕೆ ಮಾತ್ರ ಮೂರು ಪಟ್ಟು ಜಾಸ್ತಿ ಕೊಡುತ್ತಿದ್ದೇನೆ.

ಎರಡನೇ ವಾರ

ಇಡೀ ಭಾನುವಾರದ ಕೆಲಸ ಹಾಳಾಯಿತು. ನೆಲಕ್ಕೆ ಥರ್ಮಾಕೋಲ್ ಪದರ ಕತ್ತರಿಸಿ, ಮನೆಯಲ್ಲಿದ್ದ ರಬ್ಬರ್ ಅಂಟು ಹಚ್ಚಿದೆ. ಅಂಟು ಥರ್ಮಾಕೋಲನ್ನೇ ತಿಂದುಹಾಕಿತು. ದ್ವೀಪದ ಪೂರ್ವದ ಪೇಟೆ ಗಂಜಾಂ ಇರಬೇಕಾದ ಜಾಗದಲ್ಲಿ ಅಂಗೈಯಗಲ ಗುಂಡಿ. ಈ ಕೆಲಸಕ್ಕೆ ಬಿಳಿ ಮರದ ಅಂಟೇ ಆಗಬೇಕು, ಒಣಗಲು ಒಂದು ರಾತ್ರಿ ಹಿಡಿದರೂ ಚಿಂತೆಯಿಲ್ಲ. ಎಲ್ಲ ಕಿತ್ತು ಮತ್ತೆ ಶುರು ಮಾಡಿದೆ.

ನಾಲ್ಕನೇ ವಾರ

ನೆಲ ಸಿದ್ಧವಾಯಿತು. ಇನ್ನು ಬಾವುಟದ ಕೆಲಸ. ಗುಂಡುಸೂಜಿಗೆ ಕಾಗದದ ಪುಟ್ಟ ಬಾವುಟ ಅಂಟಿಸುತ್ತಿದ್ದೇನೆ. ದಾಖಲೆ ಇರುವುದಕ್ಕೆ ನೀಲಿ, ಜನ ಹೇಳುವ ಕಥೆಗೆ ಕೆಂಪು. ಎರಡನ್ನೂ ಇಡಲೇಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ಕಥೆ ತೆಗೆದುಬಿಟ್ಟರೆ ಈ ಊರಲ್ಲಿ ಬರೀ ಇಟ್ಟಿಗೆ, ಗಾರೆ ಉಳಿಯುತ್ತದೆ ಅಷ್ಟೆ.

ಮೊದಲ ಸೂಜಿ ರಂಗನಾಥಸ್ವಾಮಿಗೆ. ಇಲ್ಲಿ ಎರಡೂ ಬಣ್ಣ ಬೇಕಾಯಿತು. ಗಂಗರ ಕಾಲದಲ್ಲಿ ತಿರುಮಲಯ್ಯ ಎಂಬವನು ಗುಡಿ ಕಟ್ಟಿಸಿದ ಅಂತ ನೀಲಿ ಬಾವುಟ. ಗೌತಮ ಋಷಿ ಇಲ್ಲಿ ತಪಸ್ಸು ಮಾಡಿ ರಂಗನಾಥನನ್ನು ಪೂಜಿಸಿದ ಅಂತ ಕೆಂಪು. ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ, ಇಲ್ಲಿರುವವನು ಆದಿರಂಗ. ಮೂವರೂ ಮಲಗಿರುವುದು ಕಾವೇರಿ ನಡುವಿನ ದ್ವೀಪದಲ್ಲೇ. ಇಲ್ಲಿನ ಸ್ವಾಮಿಯ ಪಾದದ ಹತ್ತಿರ ಕಾವೇರಿ ತಾಯಿಯೇ ಕೂತಿದ್ದಾಳೆ.

ಕೋಟೆಗೂ ಎರಡು ಬಾವುಟ. 1454ರಲ್ಲಿ ತಿಮ್ಮಣ್ಣ ಹೆಬ್ಬಾರನಿಗೆ ನಿಧಿ ಸಿಕ್ಕಿತಂತೆ. ವಿಜಯನಗರಕ್ಕೆ ಹೋಗಿ ಅಪ್ಪಣೆ ಪಡೆದು ಕೋಟೆ ಕಟ್ಟಿದನಂತೆ, ಹತ್ತಿರದ ಕಲಸವಾಡಿಯ 101 ಬಸದಿಗಳ ಕಲ್ಲು ತಂದು ರಂಗನಾಥನ ಗುಡಿಯನ್ನು ದೊಡ್ಡದು ಮಾಡಿದನಂತೆ. ನಿಧಿ ಮತ್ತು 101, ಇವೆರಡಕ್ಕೆ ಕೆಂಪು ಬಾವುಟ ಹಾಕಿದೆ. ಈಗ ನಾವು ನೋಡುವ ಗೋಡೆಯಲ್ಲಿ ಹೈದರ್ ಮತ್ತು ಟಿಪ್ಪು ಕಾಲದ ಕೆಲಸವೇ ಜಾಸ್ತಿ.

ಅಲಮೇಲಮ್ಮನ ಸೂಜಿ ಚುಚ್ಚುವಾಗ ಸ್ವಲ್ಪ ಹೊತ್ತು ಕೈ ತಡೆಯಿತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಜನ ಕೈಯಿಂದ ಪಟ್ಟಣ ಪಡೆದರು. ಅದೇ ವರ್ಷ ಇಲ್ಲೇ ದಸರಾ ಶುರುವಾಯಿತು. ಇಷ್ಟು ನೀಲಿ. ತಿರುಮಲರಾಜನ ಹೆಂಡತಿ ಅಲಮೇಲಮ್ಮ ರಂಗನಾಯಕಿಯ ಒಡವೆಗಳ ಜೊತೆ ತಲಕಾಡಿನ ಕಡೆ ಹೋದಳು, ಬೆನ್ನಟ್ಟಿದಾಗ ಮಾಲಂಗಿಯಲ್ಲಿ ಹೊಳೆಗೆ ಹಾರಿದಳು. 'ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ' ಅನ್ನೋ ಶಾಪ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ತಲಕಾಡು, ಮಾಲಂಗಿ ಎರಡೂ ನನ್ನ ಹಲಗೆಯ ಆಚೆ ಬೀಳುತ್ತವೆ. ಆದರೆ ಆ ಒಡವೆಗಳನ್ನು ಇಡುತ್ತಿದ್ದದ್ದು ಇಲ್ಲಿನ ರಂಗನಾಯಕಿಗೆ, ಮಂಗಳವಾರ, ಶುಕ್ರವಾರದ ಪೂಜೆಗೆ. ಅದಕ್ಕೇ ಕೆಂಪು ಬಾವುಟವನ್ನು ಗುಡಿಯ ಪಕ್ಕದಲ್ಲೇ ಚುಚ್ಚಿದೆ. ಅವಳು ಮೂಗುತಿ ಇಟ್ಟುಕೊಂಡು ಓಡುತ್ತಿರುವುದು ಚಿಕ್ಕಂದಿನಿಂದ ನನ್ನ ಕಣ್ಣಿಗೆ ಕಟ್ಟಿದೆ. ಗೆದ್ದವರ ಊರಲ್ಲೇ ನಾಲ್ಕು ನೂರು ವರ್ಷದಿಂದ ಸೋತವಳ ಮಾತನ್ನು ಜನ ಹೇಳಿಕೊಂಡು ಬಂದಿದ್ದಾರೆ.

ಆರನೇ ವಾರ

ಗೋಡೆಗೆ ಐಸ್‌ಕ್ರೀಂ ಕಡ್ಡಿ, ಬತೇರಿಗಳಿಗೆ ಮಣ್ಣು. ಬತೇರಿಯ ದುಂಡು ಚೆನ್ನಾಗಿ ಬಂತು. ನೀರು ಹೋಗುವ ದಿಡ್ಡಿ ಬಾಗಿಲುಗಳನ್ನು ಬಿಸಿ ಸೂಜಿಯಿಂದ ಕೊರೆದೆ.

ಬೇಲಿ ಸಾಹೇಬನ ಬಂದೀಖಾನೆಯನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ ಬಂದೆ. ಉತ್ತರದ ಗೋಡೆಯ ಒಳಗೆ, ನೆಲದ ಮಟ್ಟಕ್ಕಿಂತ ಕೆಳಗೆ ಇದೆ. ಇಟ್ಟಿಗೆ, ಗಾರೆಯ ಕಮಾನುಗಳು. ಉದ್ದ ಸುಮಾರು 30 ಮೀಟರ್, ಅಗಲ 12. ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಹೊರಗೆ ಚಾಚಿಕೊಂಡಿವೆ. ಒಂದೊಂದರಲ್ಲೂ ತೂತು, ಸರಪಳಿ ಕಟ್ಟಲು. ಒಂದು ತೂತಿಗೆ ಬೆರಳು ಹಾಕಿ ನೋಡಿದೆ, ಒಳಗಡೆ ನುಣ್ಣಗಿತ್ತು. 1780ರಲ್ಲಿ ಹೈದರ್, ಟಿಪ್ಪು ಗೆದ್ದ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್ ಕರ್ನಲ್ ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಅದೇ ಪೊಳ್ಳಿಲೂರಿನ ಗೆಲುವನ್ನು ದರಿಯಾ ದೌಲತ್‌ನ ಗೋಡೆ ತುಂಬ ಬರೆಸಿದ್ದಾರೆ. ಒಂದೇ ಯುದ್ಧ, ಒಂದು ಕಡೆ ಬಣ್ಣದ ಚಿತ್ರ, ಇನ್ನೊಂದು ಕಡೆ ಸರಪಳಿಯ ತೂತು. ನಡೆದರೆ ಅರ್ಧ ಗಂಟೆ ದೂರ.

ಟಿಪ್ಪುವಿನ ಮದ್ದಿನ ಮನೆಯ ವಿಷಯದಲ್ಲಿ ಗೊಂದಲ ಇತ್ತು. ಜೋಡಿ ರೈಲು ಹಳಿಗಾಗಿ 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗಿಂತ ಜಾಸ್ತಿ ದೂರ ಸರಿಸಿದರು. ಒಂದು ಇಟ್ಟಿಗೆಯನ್ನೂ ಬಿಚ್ಚದೆ ಕಾಪಾಡಿದ ಕೆಲಸ, ನನಗೆ ಅದರ ಮೇಲೆ ಬಹಳ ಗೌರವ. ಮಾದರಿಯಲ್ಲಿ ಹಳೆಯ ಜಾಗದಲ್ಲೇ ಇಟ್ಟೆ.

ಎಂಟನೇ ವಾರ

ಇಲ್ಲಿ ಕೆಲಸ ನಿಂತಿತು. ಹೊಳೆ ಮಾಡಬೇಕು, ಆದರೆ ಎಷ್ಟು ನೀರು?

ಸುಮ್ನೆ ನೀಲಿ ಬಣ್ಣ ಬಳಿಯಬಹುದಿತ್ತು. ಆದರೆ ಕಾವೇರಿ ಮೇ ತಿಂಗಳಲ್ಲಿ ಬಂಡೆಗಳ ಸಂದಿಯಲ್ಲಿ ಹರಿಯುವ ನಾಲ್ಕು ಎಳೆ ನೀರು. ಜುಲೈ ಬಂದರೆ ಒಂದು ಬಂಡೆಯೂ ಕಾಣುವುದಿಲ್ಲ. ಯಾವುದನ್ನು ಮಾಡಲಿ? ಗಂಜಾಂನಲ್ಲಿ ದೊಡ್ಡಮ್ಮನ ಮನೆಗೆ ಹೋದಾಗ ಹೊಳೆ ಹತ್ತಿರ ಫೋಟೊ ತೆಗೆಯಲು ಹೊರಟೆ. ದೊಡ್ಡಮ್ಮ ಬಾಗಿಲಿಂದಲೇ ಕೂಗಿದರು: 'ಬಂಡೆ ಕಾಣ್ತಾವೆ ಅಂತ ಇಳೀಬ್ಯಾಡ ಕಣ್ಲಾ ಮಗ, ಮ್ಯಾಲಿಂದ ನೀರ್ ಬಿಟ್ರೆ ಗೊತ್ತೇ ಆಗಾಕಿಲ್ಲ.'

ಆಗ ಹೊಳೆಯಿತು. ನಾನು ಇವತ್ತು ನೋಡುತ್ತಿರುವುದು ಕನ್ನಂಬಾಡಿ ಕಟ್ಟೆ ಬಿಟ್ಟಷ್ಟು ನೀರು. ಕಟ್ಟೆ ಮುಗಿಯುವ ಮುಂಚೆ, ಅಂದರೆ 1930ರ ದಶಕಕ್ಕಿಂತ ಹಿಂದೆ, ಈ ಹೊಳೆಯ ಮಟ್ಟ ಬಹುಮಟ್ಟಿಗೆ ಕೊಡಗಿನ ಮಳೆಯ ಕೈಯಲ್ಲಿತ್ತು. ನನ್ನ ಫೋಟೊ ನೋಡಿ ಹಳೆಯ ಹೊಳೆ ಮಾಡಲು ಆಗುವುದಿಲ್ಲ.

ಮನೆಗೆ ಬಂದು ಯುದ್ಧಗಳ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಕಾಳಗ ಗೆದ್ದ. ಆದರೆ ಮಳೆ ಹಿಡಿದುಕೊಂಡಿತು, ಹೊಳೆ ಏರಿತು, ದಂಡಿಗೆ ದವಸ ಇಲ್ಲ, ಎತ್ತುಗಳು ಸತ್ತವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಕೆಡಿಸಿ ಬೆಂಗಳೂರಿಗೆ ವಾಪಸ್ ಹೋದ. ಮುಂದಿನ ಸಲ ಬಂದದ್ದು 1792ರ ಫೆಬ್ರುವರಿಯಲ್ಲಿ. ಆ ಸಲ ಅವನ ಸೈನ್ಯ ಹೊಳೆ ದಾಟಿ ದ್ವೀಪದ ಪೂರ್ವ ಭಾಗಕ್ಕೇ ಬಂದುಬಿಟ್ಟಿತು. ಮಾರ್ಚಿನಲ್ಲಿ ಒಪ್ಪಂದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆ ಕಳಿಸಿದ.

ಆಮೇಲೆ 1799. ಜನರಲ್ ಹ್ಯಾರಿಸ್‌ನ ದಂಡು ಏಪ್ರಿಲ್‌ನಲ್ಲಿ ಕೋಟೆ ಮುಂದೆ ಬಂದು ಕೂತಿತು. ಅವರ ಹತ್ತಿರವೂ ಅಕ್ಕಿ ಮುಗಿಯುತ್ತ ಬಂದಿತ್ತು. ಟಿಪ್ಪುವಿಗೆ ಬೇಕಾಗಿದ್ದದ್ದು ಇನ್ನು ಕೆಲವೇ ವಾರ, ಅಷ್ಟರಲ್ಲಿ ಮುಂಗಾರು ಬರುತ್ತಿತ್ತು. ಮೇ 4ರಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಲ್ಲಿ, ಬೇರ್ಡ್‌ನ ಕೈಕೆಳಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಜನ ಕಾಲ್ನಡಿಗೆಯಲ್ಲೇ ಹೊಳೆ ದಾಟಿದರು. ವಾಯವ್ಯ ಮೂಲೆಯ ಹತ್ತಿರ ಗೋಡೆ ಒಡೆದಿದ್ದ ಜಾಗದಲ್ಲಿ ಹತ್ತಿ ಒಳನುಗ್ಗಿದರು. ಈ ಬೇರ್ಡ್ ಕೂಡ ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದು ಇದೇ ಊರಲ್ಲಿ ಮೂರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದವನು. ಸಂಜೆಯ ಹೊತ್ತಿಗೆ ಟಿಪ್ಪು ಉತ್ತರದ ನೀರುಬಾಗಿಲ ಹತ್ತಿರ ಹೆಣಗಳ ರಾಶಿಯಲ್ಲಿ ಬಿದ್ದಿದ್ದ.

ಟಿಪ್ಪುವಿನ ದಿವಾನ ಮೀರ್ ಸಾದಿಕ್ ಸಂಬಳ ಕೊಡುವ ನೆಪದಲ್ಲಿ ಆ ಹೊತ್ತಿಗೆ ಸರಿಯಾಗಿ ಸಿಪಾಯಿಗಳನ್ನು ಗೋಡೆಯಿಂದ ಇಳಿಸಿದ ಅಂತ ಜನ ಹೇಳುತ್ತಾರೆ. ಅದಕ್ಕೊಂದು ಕೆಂಪು ಬಾವುಟ ಇಟ್ಟೆ. ಆದರೆ ಮೂರು ತಾರೀಖನ್ನು ಒಟ್ಟಿಗೆ ನೋಡಿದ ಮೇಲೆ ನನಗನ್ನಿಸಿದ್ದು ಇದು: ಈ ಕೋಟೆಯ ಮೊದಲ ಗೋಡೆ ಕಾವೇರಿ. ಆ ಗೋಡೆ ವರ್ಷದಲ್ಲಿ ಅರ್ಧ ಕಾಲ ಎದ್ದು ನಿಲ್ಲುತ್ತದೆ, ಅರ್ಧ ಕಾಲ ಮಲಗಿರುತ್ತದೆ. ಟಿಪ್ಪು ಎಷ್ಟು ಕಂದಕ ತೋಡಿಸಿದರೂ, ಎಷ್ಟು ಬತೇರಿ ಎಬ್ಬಿಸಿದರೂ, ಮೇ ತಿಂಗಳ ಹೊಳೆಗೆ ಏನೂ ಮಾಡಲಾಗಲಿಲ್ಲ.

ಸರಿ, ತೀರ್ಮಾನ ಆಯಿತು. ನನ್ನ ಮಾದರಿ 1799ರ ಮೇ 4ರ ಮಧ್ಯಾಹ್ನದ್ದು.

ಹತ್ತನೇ ವಾರ

ತೀರ್ಮಾನ ಮಾಡಿದ ಮೇಲೆ ಕೆಲವನ್ನು ಕಿತ್ತು ತೆಗೆಯಬೇಕಾಯಿತು. ರೈಲು ಹಳಿ ಹೋಯಿತು. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಲ್ಲಿನ ಕಂಬಗಳ ಮೇಲೆ ಕಟ್ಟಿದ ವೆಲ್ಲೆಸ್ಲಿ ಸೇತುವೆ ಹೋಯಿತು. ಎರಡು ಸಂಜೆ ಕೂತು ಅದರ ಕಂಬಗಳನ್ನು ಮಾಡಿದ್ದೆ, ತೆಗೆಯುವಾಗ ಸಂಕಟವಾಯಿತು. ಒಂದು ಡಬ್ಬಿಯಲ್ಲಿ ಹತ್ತಿಯ ಮಧ್ಯೆ ಇಟ್ಟಿದ್ದೇನೆ.

ಸ್ಕಾಟ್ ಬಂಗಲೆಯೂ ಆಮೇಲಿನದೇ. ಕರ್ನಲ್ ಸ್ಕಾಟ್ ಊರಿಂದ ಮನೆಗೆ ಬಂದಾಗ ಹೆಂಡತಿ, ಹೆಣ್ಣುಮಕ್ಕಳು ಕಾಲರಾದಿಂದ ಸತ್ತಿದ್ದರು, ಅವನು ಹೊಳೆಗೆ ಇಳಿದವನು ಮತ್ತೆ ಬರಲಿಲ್ಲ ಅಂತ ಕಥೆ. ಅಲ್ಲಿನ ದಂಡಿನ ಸ್ಮಶಾನದಲ್ಲಿರುವ ಅವನ ಹೆಂಡತಿಯ ಸಮಾಧಿ 1817ರದ್ದು, ಸ್ಕಾಟ್ ಆಮೇಲೆ ಇಂಗ್ಲೆಂಡಿಗೆ ಮರಳಿದ. ಈ ಕಥೆ ಕೂಡ ಹೊಳೆಯಲ್ಲೇ ಮುಗಿಯುವುದನ್ನು ಗಮನಿಸಿ. ಅಲಮೇಲಮ್ಮನನ್ನು ತೆಗೆದುಕೊಂಡದ್ದೂ ಹೊಳೆಯೇ. ಈ ಊರಿನ ಜನ ತಡೆಯಲಾಗದ ದುಃಖವನ್ನೆಲ್ಲ ಕಾವೇರಿಗೆ ಒಪ್ಪಿಸಿದ್ದಾರೆ ಅನ್ಸುತ್ತೆ.

ಗಂಜಾಂ ತುಂಬ ಮನೆಗಳನ್ನು ಒತ್ತೊತ್ತಾಗಿ ಇಟ್ಟೆ. ಶಿರಾದಿಂದ ಸಾವಿರಾರು ಕುಟುಂಬಗಳನ್ನು ಕರೆತಂದು ನೆಲೆ ಮಾಡಿದ ಪೇಟೆ ಅದು. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ದ್ವೀಪದಲ್ಲಿ ಸುಮಾರು 32,000 ಜನ ಇದ್ದಾರೆ ಅಂತ ಬರೆದ. ಟಿಪ್ಪು ಕಾಲದಲ್ಲಿ ಒಂದೂವರೆ ಲಕ್ಷ ಇದ್ದಿರಬೇಕು ಅಂತ ಅವನ ಅಂದಾಜು. ರಾಜಧಾನಿ ಮೈಸೂರಿಗೆ ಹೋಯಿತು, ಜ್ವರದ ಕಾಟಕ್ಕೆ ದಂಡು ಬೆಂಗಳೂರಿಗೆ ಹೋಯಿತು. ಇನ್ನೂ ಬದುಕಿದ್ದ ಊರಿನ ಕೊನೆಯ ಮಧ್ಯಾಹ್ನವನ್ನು ಮಾಡುತ್ತಿದ್ದೇನೆ ಅನ್ನೋದು ಈ ಮನೆಗಳನ್ನು ಅಂಟಿಸುವಾಗ ಗೊತ್ತಾಯಿತು. ಆವತ್ತು ಕೈ ನಿಧಾನವಾಯಿತು.

ಹನ್ನೆರಡನೇ ವಾರ

ಬಂಡೆ ಕೆಲಸ. ಎಂ-ಸ್ಯಾಂಡನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ದಪ್ಪ ಹರಳನ್ನು ಮಾತ್ರ ಉಳಿಸಿಕೊಂಡೆ. ಅಂಟು ಸವರಿ, ಚಿಮುಟದಿಂದ ಒಂದೊಂದೇ ಹರಳು ಕೂರಿಸಿದೆ. ಕೋಟೆ ಒಡೆದ ಜಾಗದ ಮುಂದಿನ ಹೊಳೆಗೇ ಮೂರು ರಾತ್ರಿ ಹಿಡಿಯಿತು. ಸಂದಿಗಳಲ್ಲಿ ತೆಳುವಾಗಿ ವಾರ್ನಿಷ್ ಎಳೆದೆ. ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಬೇಸಿಗೆ ಕಾವೇರಿಯೇ.

ಯುಗಾದಿಗೆ ದೊಡ್ಡಮ್ಮ ಮನೆಗೆ ಬಂದಿದ್ದರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನಿಮಿಷಾಂಬ ಗುಡಿ ಎಲ್ಲಿ, ಸಂಗಮ ಎಲ್ಲಿ ಅಂತ ಬೆರಳಿಟ್ಟು ಹುಡುಕಿದರು. ಆಮೇಲೆ, 'ಎಲ್ಲಾ ಚೆಂದಾಗದೆ ಮಗ. ತಾಯಿನ ಮಾತ್ರ ಯಾಕ್ ಹಿಂಗೆ ಒಣಗಿಸಿಟ್ಟಿದ್ದೀಯ? ಆಷಾಢದಾಗೆ ನೋಡ್ಬೇಕು ಅವಳ್ನ' ಅಂದರು.

ಉತ್ತರ ಕೊಡಲಿಲ್ಲ. ಮಾರನೇ ದಿನ ಪೇಟೆಗೆ ಹೋಗಿ 3 ಮಿಲಿಮೀಟರ್ ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆ ತಂದೆ. ದಡದ ಗೆರೆಗೆ ಸರಿಯಾಗಿ ಗರಗಸದಿಂದ ಕೊಯ್ದು, ಅಡಿಗೆ ತೆಳು ಕೆಂಪುಮಣ್ಣಿನ ಬಣ್ಣ ಕೊಟ್ಟೆ. ಮಳೆಗಾಲದ ಹೊಸ ನೀರಿನ ಬಣ್ಣ ಅದು. ಅಂಟಿಸಿಲ್ಲ, ಬೇಕೆಂದಾಗ ಎತ್ತಿಡಬಹುದು.

ನಿನ್ನೆ ರಾತ್ರಿ ಪಶ್ಚಿಮದ ತುಂಡನ್ನು ಮೊದಲ ಸಲ ಕೂರಿಸಿ ನೋಡಿದೆ. ಮೂರು ರಾತ್ರಿ ಜೋಡಿಸಿದ ಬಂಡೆಗಳೆಲ್ಲ ಮುಳುಗಿಹೋದವು. ಒಡೆದ ಗೋಡೆಯ ಬುಡದವರೆಗೆ ನೀರು ಬಂತು, ದಾಟುವ ದಾರಿಯೇ ಇಲ್ಲ. ಹಾಳೆ ಎತ್ತಿದೆ, ದಾರಿ ಬಂತು. ಮತ್ತೆ ಇಟ್ಟೆ. ಹನ್ನೊಂದು ಗಂಟೆಯವರೆಗೂ ಅದನ್ನೇ ಮಾಡುತ್ತ ಕೂತಿದ್ದೆ.

ಸಂಗಮದ ಕಡೆಯ ತುಂಡು ಇನ್ನೂ ಕೊಯ್ಯಬೇಕು. ಅಲ್ಲಿ ಎರಡೂ ಹೊಳೆ ಕೂಡುವ ಚೂಪು ತುದಿ ಇದೆ, ಗರಗಸ ತಿರುಗುವುದಿಲ್ಲ. ಸಣ್ಣ ಅಲಗಿನದು ಹುಡುಕುತ್ತಿದ್ದೇನೆ.