ನನ್ನ ಕಣ್ಣೆಲ್ಲ ಕೊನೇ ಬೆಂಚಿನ ಮೇಲೆ

ಹೋದ ವರ್ಷ ಗದಗ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಅವೇರ್‌ನೆಸ್ ಕ್ಲಾಸ್ ಇತ್ತು. ನಾನು ಹುಬ್ಬಳ್ಳಿಯಲ್ಲಿ ಕುಡಿತ ಬಿಡಿಸುವ ಸೆಂಟರಿನಲ್ಲಿ ಕೌನ್ಸೆಲರ್. ಪಿಪಿಟಿ ಹಾಕಿದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೇ ಈ ಸಲ ‘ಸಾರಾ ಟಿ.’ ಎಂಬ ಅಮೆರಿಕದ ಟಿವಿ ಚಿತ್ರದ ತುಣುಕುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. 1975ರಲ್ಲಿ ಎನ್‌ಬಿಸಿಯಲ್ಲಿ ಬಂದದ್ದು. ಲಿಂಡಾ ಬ್ಲೇರ್ ಅದರಲ್ಲಿ 14 ವರ್ಷದ ಹುಡುಗಿ. ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಅಮ್ಮನಿಗೆ ಇನ್ನೊಂದು ಮದುವೆ, ಹೊಸ ಶಾಲೆ. ಹುಡುಗಿ ಸದ್ದಿಲ್ಲದೆ ಕುಡಿತಕ್ಕೆ ಬೀಳುತ್ತಾಳೆ.

“ನೋಡಿ, ಒಳ್ಳೆ ಮಕ್ಕಳಿಗೂ ಹೀಗಾಗುತ್ತೆ” ಎಂದು ನಾನೇ ಹೇಳಿದೆ. ಹೇಳುವಾಗ ಕಣ್ಣು ಮಾತ್ರ ಕೊನೇ ಬೆಂಚಿನ ಮೇಲಿತ್ತು. ಅಲ್ಲಿ ಮೂವರು ನಗುತ್ತಿದ್ದರು. ಇವರೇ ಇರಬೇಕು ಅಂದುಕೊಂಡೆ.

ಪ್ರೊಜೆಕ್ಟರ್ ಜೋಡಿಸಿಕೊಟ್ಟವನು ಒಂಬತ್ತನೇ ಕ್ಲಾಸಿನ ಲೀಡರ್. ಕಿತ್ತಳೆ ಬಣ್ಣದ ನೀರಿನ ಬಾಟಲಿಯಿಂದ ಆಗಾಗ ಒಂದೊಂದು ಗುಟುಕು ಕುಡಿಯುತ್ತಿದ್ದ. ಬಿಸಿಲು ಜಾಸ್ತಿ, ಪಾಪ ಅನ್ನಿಸಿತು. ಕ್ಲಾಸ್ ಮುಗಿದ ಮೇಲೆ ವೈರ್ ಸುತ್ತುತ್ತಿದ್ದವನು ಗೋಡೆ ಹಿಡಿದು ನಿಂತ. “ಏನಿಲ್ರಿ ಮೇಡಂ, ಹೊಟ್ಟಿ ತೊಳಸಾಕತ್ತೈತ್ರಿ” ಅಂದ. ನಾಷ್ಟಾ ಮಾಡಿಲ್ಲವೇನೋ ಎಂದು ಬಾಳೆಹಣ್ಣು ಹಿಡಿದು ಹತ್ತಿರ ಹೋದೆ. ಆಗ ವಾಸನೆ ಬಡಿಯಿತು. ಎಂಟು ವರ್ಷದಿಂದ ದಿನಾ ಮೂಗಿಗೆ ಬರುವ ವಾಸನೆ. ಬ್ಯಾಗಿನಲ್ಲಿ 90 ಎಂಎಲ್‌ನ ಎರಡು ಟೆಟ್ರಾ ಪ್ಯಾಕ್ ಸಿಕ್ಕವು. ಖಾಲಿ ಮಾಡಿ, ಚಪ್ಪಟೆ ಮಾಡಿ, ಗಣಿತದ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟಿದ್ದ.

ಸ್ಟಾಫ್ ರೂಮಿನಲ್ಲಿ ಮಗ್ಗುಲಾಗಿ ಮಲಗಿಸಿದೆ. ವಾಂತಿಯಾದರೆ ಉಸಿರಿಗೆ ಅಡ್ಡ ಬರಬಾರದಲ್ವಾ. ಕುಡಿದ ಮಕ್ಕಳಲ್ಲಿ ರಕ್ತದ ಸಕ್ಕರೆ ಇಳಿಯುವ ಭಯವೂ ಇರುತ್ತದೆ. 108ಕ್ಕೆ ಫೋನ್ ಮಾಡಿಸಿದೆ. ಗಾಡಿ ಬರುವ ತನಕ ಅವನ ಕೈ ಬಿಡಲಿಲ್ಲ. ಬೆರಳು ತಣ್ಣಗಿದ್ದವು, ಉಗುರಿನ ಸಂದಿಯಲ್ಲಿ ಚಾಕ್‌ಪೀಸ್ ಪುಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದೆ. ತಪ್ಪು ಮಾಡಿದ್ದು ಬಾಯಿ. ಆರು ಜನ ಮೇಷ್ಟ್ರು ಸುತ್ತ ನಿಂತಿರುವಾಗಲೇ “ಎಷ್ಟು ದಿನದಿಂದ? ಎಲ್ಲಿಂದ ತಂದೆ?” ಎಂದು ಕೇಳಿಬಿಟ್ಟೆ. ಅವನು ಮುಖವನ್ನು ಗೋಡೆ ಕಡೆ ತಿರುಗಿಸಿದ. ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು. ಟ್ರೈನಿಂಗಿನಲ್ಲಿ ಮೊದಲ ದಿನ ಹೇಳಿಕೊಡುವುದೇ ಇದು: ಒಬ್ಬರನ್ನೇ ಕೂರಿಸು, ಬಾಗಿಲು ಹಾಕು, ಆಮೇಲೆ ಕೇಳು. ಗಾಬರಿಯಲ್ಲಿ ಅದನ್ನೇ ಮರೆತೆ.

ವಾರದಲ್ಲಿ ಅವನ ಕೈಗೆ ಟಿ.ಸಿ. ಬಂತು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಕ್ಕಳಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಜೈಲು ಇದೆ. ಅದನ್ನು ಕೊಟ್ಟವರು ಯಾರು ಅಂತ ಯಾರೂ ಹುಡುಕಲಿಲ್ಲ. ನಮ್ಮ ಆಫೀಸಿನವರು ಕೇಳಿದ್ದು ಬ್ಯಾನರ್ ಕಾಣುವ ಫೋಟೊ ಮತ್ತು ಫಲಾನುಭವಿಗಳ ಸಂಖ್ಯೆ. ವರದಿಯಲ್ಲಿ ಈ ಹುಡುಗನನ್ನೂ ಸೇರಿಸಿಯೇ ಬರೆಯಬೇಕಾಯಿತು. ನನಗೆ ಅದು ಇನ್ನೂ ಚುಚ್ಚುತ್ತದೆ.

ಈಗ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ತಾಯಿ ಅವನನ್ನು ಕರೆದುಕೊಂಡು ಹೋಗುತ್ತಾರೆ. ಫಾಲೋಅಪ್ ತಪ್ಪಿಸುವುದಿಲ್ಲವಂತೆ. ನಾನು ಎರಡು ಸಲ ಮನೆಗೆ ಹೋದೆ. ಎರಡು ಸಲವೂ ಅವನು ಹಿತ್ತಲಿನ ಬಾಗಿಲಿನಿಂದ ಹೊರಗೆ ಹೋದ.